ನೀ ಮುಂದ ನಡಿ

ಹೋದ ಶುಕ್ರವಾರ ನಮ್ಮ ಆಸ್ಪತ್ರೆಯಲ್ಲಿ ಹಿರಿಯ ಡಾಕ್ಟರೊಬ್ಬರ ನಿವೃತ್ತಿಯ ಬೀಳ್ಕೊಡುಗೆ ಇತ್ತು. ನನಗೆ ಮಾತನಾಡಲು ಎರಡು ನಿಮಿಷ ಕೊಟ್ಟಿದ್ದರು, ಅದೂ ಇಂಗ್ಲಿಷಿನಲ್ಲಿ. ಉಡಿದಾರ ಎಂದರೆ ಏನು ಎಂದು ವಿವರಿಸುವಷ್ಟರಲ್ಲೇ ಒಂದೂವರೆ ನಿಮಿಷ ಮುಗಿಯಿತು. ಉಳಿದ ಅರ್ಧ ನಿಮಿಷದಲ್ಲಿ ಅವರು ದೊಡ್ಡವರು, ಒಳ್ಳೆಯವರು ಎಂದು ಎಲ್ಲರ ಬಗ್ಗೆಯೂ ಹೇಳುವಂಥದ್ದನ್ನೇ ಹೇಳಿ ಕೂತೆ. ಹೇಳಬೇಕೆಂದಿದ್ದದ್ದು ಹಾಗೇ ಉಳಿದುಬಿಟ್ಟಿತು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಬರೆಯುವ ಮೊದಲು ಅವರನ್ನು ಕೇಳಿದೆ.

"ಬರಿ, ಆದರ ಹೆಸರು ಹಾಕಬ್ಯಾಡ," ಅಂದರು. "ನಮ್ಮ ಎಕ್ಸ್‌ರೇ ಫಿಲ್ಮ್‌ನಿಂದ ಪೇಷಂಟ್ ಹೆಸರು ತಗದು ಬಿಡ್ತೀವಲ್ಲ, ಹಂಗ ತಗದು ಬಿಡು. ಹುಟ್ಟಿದೂರ ಹೆಸರೂ ಬ್ಯಾಡ. ಇಲ್ಲಂದ್ರ ಮಿಲ್ಪಿಟಾಸ್‌ನ ಅರ್ಧ ಮಂದಿ ಎಂಆರ್‌ಐ ಹಿಡಕೊಂಡು ಮನಿಗೆ ಬರ್ತಾರ."

"ಮತ್ತೆ ಉಡಿದಾರ, ಸರ್?"

ಸ್ವಲ್ಪ ಯೋಚಿಸಿದರು. "ಅದು ಇರಲಿ."

ಹಾಗಾಗಿ ಇಲ್ಲಿ ಅವರು ಬರೀ ಡಾಕ್ಟರು. ಬೆನ್ನುಮೂಳೆಯ ಶಸ್ತ್ರವೈದ್ಯರು, ಉತ್ತರ ಕರ್ನಾಟಕದ ಕಡೆಯವರು, ಈ ದೇಶಕ್ಕೆ ಬಂದು ಮೂವತ್ತು ವರ್ಷ ದಾಟಿದ್ದರೂ ಅವರ ಮಾತಿಗೆ ವಿಮಾನದ ಗಾಳಿ ಸೋಕಿರಲಿಲ್ಲ.

ನಾನು ಅವರನ್ನು ಮೊದಲು ಕಂಡದ್ದು ಸಂದರ್ಶನದಲ್ಲಿ. ಡೈರಿ ನೋಡಿದರೆ ಅದು ಫೆಬ್ರುವರಿಯ ಒಂದು ಸೋಮವಾರ. ಸ್ಯಾನ್ ಮಟಿಯೋದ ಆಸ್ಪತ್ರೆಯಲ್ಲಿ ಸಂಶೋಧನಾ ಸಹಾಯಕಿಯ ಕೆಲಸ. ಎಕ್ಸ್‌ರೇಗಳನ್ನು ಹೊಂದಿಸಿಡುವುದು, ಡಾಕ್ಟರುಗಳ ಅಭಿಪ್ರಾಯ ದಾಖಲಿಸುವುದು, ಅದನ್ನು ಕಂಪ್ಯೂಟರಿನ ಅಭಿಪ್ರಾಯದೊಡನೆ ಹೋಲಿಸುವುದು. ನಾನು ಮೈಸೂರಿನಿಂದ ಓದಲು ಬಂದವಳು. ರೆಸ್ಯೂಮೆಯನ್ನು ಅಚ್ಚುಕಟ್ಟಾಗಿ ಫೈಲಿನಲ್ಲಿಟ್ಟುಕೊಂಡು ಹೋಗಿದ್ದೆ. ಡಾಕ್ಟರು ಅದನ್ನು ತೆರೆದೂ ನೋಡಲಿಲ್ಲ. ಬಾಗಿಲ ತನಕ ನಡೆದು ವಾಪಸು ಬರಲು ಇಂಗ್ಲಿಷಿನಲ್ಲಿ ಹೇಳಿದರು. ಇಂಥ ಸಂದರ್ಶನವನ್ನು ನಾನು ಕೇಳಿರಲಿಲ್ಲ. ಹೋಗಿ ಬಂದೆ.

"ಯಾವಾಗಲೂ ಬಲ ಹೆಗಲಿಗೇ ಚೀಲ ಹಾಕುತ್ತೀಯ, ಅಲ್ಲವೇ? ನಾಳೆಯಿಂದ ಎಡಕ್ಕೆ ಹಾಕು," ಅಂದರು. ಸಂದರ್ಶನ ಮುಗಿಯಿತು.

ಹೊರಗೆ ಬಂದು ಕಾರಿಡಾರಿನಲ್ಲಿ ಅಮ್ಮನಿಗೆ ಫೋನ್ ಮಾಡಿ, "ಕೆಲಸ ಸಿಕ್ತೋ ಇಲ್ವೋ ಗೊತ್ತಾಗ್ತಿಲ್ಲ ಅಮ್ಮ, ಈಯಪ್ಪ ಸ್ವಲ್ಪ ಲೂಸು ಅನ್ಸುತ್ತೆ," ಎನ್ನುತ್ತಿದ್ದೆ. ಹಿಂದಿನಿಂದ ದನಿ ಬಂತು. "ಸಿಕ್ಕೇತಿ ಅಂತ ಹೇಳಬೇ ತಂಗಿ. ಲೂಸ್ ಅನ್ನೋದನ್ನೂ ಹೇಳು, ಅದೂ ಖರೇನ."

ಅಂದಿನಿಂದ ನಾನು ಅವರಿಗೆ ತಂಗಿ.

ನಡೆಸಿ ನೋಡುವುದು ಅವರ ಕಸುಬಿನ ಮೊದಲ ಪಾಠ. ಫಿಲ್ಮ್ ನೋಡುವ ಮೊದಲು ಪ್ರತಿಯೊಬ್ಬ ರೋಗಿಯನ್ನೂ ಕಾರಿಡಾರಿನಲ್ಲಿ ನಡೆಸುತ್ತಿದ್ದರು. "ಫಿಲ್ಮ್‌ನಾಗ ಎಲುಬು ಕಾಣ್ತಾವ. ನೋವು ಕಾಣೂದಿಲ್ಲ. ನೋವು ನಡಿಗ್ಯಾಗ ಇರ್ತೈತಿ," ಎನ್ನುವುದು ಅವರ ಮಾತು. ಆಸ್ಪತ್ರೆಯ ಹೊರಗೂ ಈ ಚಟ ಬಿಡುತ್ತಿರಲಿಲ್ಲ. ಮದುವೆಯ ಊಟದ ಸಾಲಿನಲ್ಲಿ, ವಿಮಾನ ನಿಲ್ದಾಣದಲ್ಲಿ, ಯಾರದೋ ಮನೆಯ ಗೃಹಪ್ರವೇಶದಲ್ಲಿ ಎಲ್ಲರ ಸೊಂಟದ ಮೇಲೂ ಅವರ ಕಣ್ಣು. ನಾನು ಲೆಕ್ಕ ಇಡುವವಳು. ಮೊದಲ ವಾರದಲ್ಲಿ ನನ್ನ ಕೂರುವ ಭಂಗಿಯ ಬಗ್ಗೆ ಬಂದ ಟೀಕೆಗಳಿಗೆ ಡೈರಿಯ ಮೂಲೆಯಲ್ಲಿ ಗೀಟು ಹಾಕುತ್ತಾ ಹೋದೆ. ಬುಧವಾರದ ಹೊತ್ತಿಗೆ ಮೂಲೆ ತುಂಬಿತು. ಗುರುವಾರ ನೆಟ್ಟಗೆ ಕೂತೆ.

ಇನ್ನು ನಮ್ಮ ಕಂಪ್ಯೂಟರಿನ ವಿಷಯ. ನಿಂತುಕೊಂಡು ತೆಗೆಸಿದ ಎಕ್ಸ್‌ರೇಯನ್ನೂ ರೋಗಿಯ ತೊಂದರೆಗಳ ಸಣ್ಣ ವಿವರವನ್ನೂ ಕೊಟ್ಟರೆ, ಅದು ಬೆನ್ನಿನ ಬಾಗುಗಳನ್ನೆಲ್ಲ ಅಳೆದು, ಈ ಮನುಷ್ಯನಿಗೆ ಶಸ್ತ್ರಕ್ರಿಯೆ ಬೇಕೋ ಬೇಡವೋ, ಮಾಡಿದರೆ ಎಷ್ಟು ಉಪಯೋಗ ಎಂದು ಹೇಳಬೇಕು. ಅಳತೆಯಲ್ಲಿ ಅದು ನಮ್ಮೆಲ್ಲರಿಗಿಂತ ಚುರುಕು. ನಿರ್ಧಾರದಲ್ಲಿ ಎಷ್ಟು ನಂಬಬಹುದು ಎನ್ನುವುದೇ ನಮ್ಮ ಸಂಶೋಧನೆ. ಡಾಕ್ಟರು ಅದಕ್ಕೆ ಅಳಿಯ ಎಂದು ಹೆಸರಿಟ್ಟಿದ್ದರು.

"ಯಾಕೆ ಸರ್?"

"ಬಂದಾಗ ಎದ್ದು ನಿಲ್ಲಬೇಕು, ಹೇಳಿದ್ದಕ್ಕ ಹೂಂ ಅನಬೇಕು. ಆದರ ಪೆಟ್ಟಿಗಿ ಕೀಲಿ ಕೊಡಾಕಾಗೂದಿಲ್ಲ. ಇನ್ನೇನಂತ ಕರೀಲಿ?"

ಹೆಸರು ಹರಡಿತು. ಅವರ ಕೈಕೆಳಗೆ ಕಲಿತು ಈಗ ಅವರ ಸಮಕ್ಕೆ ಬೆಳೆದಿದ್ದ ಸರ್ಜನ್ ರೆಬೆಕಾ ಕೂಡ ಗಂಭೀರವಾಗಿ, "ಇದಕ್ಕೆ ಅಳಿಯ ಏನಂತಾನೆ?" ಎಂದು ಕೇಳತೊಡಗಿದಳು. ಅದೇ ತಂತ್ರಾಂಶದ ನಿಜವಾದ ಹೆಸರೆಂದು ಆಕೆ ನಂಬಿದ್ದಳು. ಒಂದು ಸಮ್ಮೇಳನದಲ್ಲಿ ಆಕೆಯ ಸ್ಲೈಡಿನ ಮೇಲೂ ಇಂಗ್ಲಿಷಿನ ಐದು ದಪ್ಪ ಅಕ್ಷರಗಳಲ್ಲಿ ಅಳಿಯ ಬಂದ. ಸಭೆಯಲ್ಲಿ ಯಾರೋ ಎದ್ದು ಆ ಅಕ್ಷರಗಳ ವಿಸ್ತರಣೆ ಏನೆಂದು ಕೇಳಿದರು. ಡಾಕ್ಟರು ಕೂತಲ್ಲಿಂದಲೇ ಲಂಬಾರ್, ಇಮೇಜಿಂಗ್ ಎಂದೆಲ್ಲ ಸೇರಿಸಿ ಐದು ಪದ ಹೊಂದಿಸಿ ಹೇಳಿದರು. ಕೇಳಿದವರು ಬರೆದುಕೊಂಡರು.

ಪ್ರತಿ ಗುರುವಾರ ಮಧ್ಯಾಹ್ನ ನಮ್ಮ ಜಗಳದ ಮೀಟಿಂಗು. ಅದರ ಕ್ರಮ ಡಾಕ್ಟರೇ ಹಾಕಿಕೊಟ್ಟದ್ದು. ಫಿಲ್ಮುಗಳ ಮೇಲೆ ಹೆಸರಿರುವುದಿಲ್ಲ, ನಂಬರು ಮಾತ್ರ. ಆ ಹೆಸರುಗಳು ನನಗೂ ತಿಳಿಯುವುದಿಲ್ಲ, ನನ್ನ ಕೈಗೆ ಬರುವ ಮೊದಲೇ ಅಳಿಸಿರುತ್ತವೆ. ಸರ್ಜನ್ನುಗಳು ವಾರದ ಆರಂಭದಲ್ಲೇ ತಂತಮ್ಮ ಅಭಿಪ್ರಾಯ ಬರೆದು ನನಗೆ ಕಳಿಸಬೇಕು. ಯಾರಿಗಾದರೂ ಇದು ತನ್ನದೇ ರೋಗಿಯ ಫಿಲ್ಮ್ ಎಂದು ಗೊತ್ತಾದರೆ ಅವರು ಅದರಿಂದ ಹಿಂದೆ ಸರಿಯಬೇಕು. ಗುರುವಾರ ಅಳಿಯನ ಅಭಿಪ್ರಾಯ ತೆರೆದು, ಮನುಷ್ಯನಿಗೂ ಅದಕ್ಕೂ ಎಲ್ಲಿ ಜಗಳವೋ ಆ ಫಿಲ್ಮುಗಳನ್ನಷ್ಟೇ ಗೋಡೆಯ ಮೇಲೆ ಹಾಕಿ ಚರ್ಚಿಸಬೇಕು. ಎಲ್ಲಕ್ಕಿಂತ ದೊಡ್ಡ ನಿಯಮ, ಒಮ್ಮೆ ಬರೆದ ಅಭಿಪ್ರಾಯವನ್ನು ಯಾವ ಕಾರಣಕ್ಕೂ ತಿದ್ದುವಂತಿಲ್ಲ.

"ಬರದದ್ದು ಬರದದ್ದು," ಎಂದು ಅವರು ನನಗೆ ಮೊದಲ ದಿನವೇ ಹೇಳಿದ್ದರು. "ಆಮ್ಯಾಲೆ ತಿದ್ದಿದರ ಅದು ಸಂಶೋಧನೆ ಅಲ್ಲ, ಸಂಸಾರ. ನಾನs ಬಂದು ಕಾಲು ಬಿದ್ದರೂ ತಿದ್ದಾಕ ಕೊಡಬ್ಯಾಡ."

ಇಷ್ಟೆಲ್ಲ ನೇರ ಇದ್ದ ಮನುಷ್ಯ ಒಂದು ವಿಷಯದಲ್ಲಿ ಮಾತ್ರ ಕಳ್ಳ. ಅದು ನನಗೆ ಹೊಳೆಯಲು ತುಂಬಾ ದಿನ ಬೇಕಾಯಿತು.

ಒಟ್ಟಿಗೆ ಎಲ್ಲಿಗೇ ಹೊರಟರೂ ಅವರು ಬಾಗಿಲಲ್ಲಿ ನಿಂತು, "ನೀ ಮುಂದ ನಡಿ ತಂಗಿ," ಎನ್ನುತ್ತಿದ್ದರು. ಹೆಣ್ಣುಮಕ್ಕಳಿಗೆ ತೋರಿಸುವ ಮರ್ಯಾದೆ ಎಂದುಕೊಂಡಿದ್ದೆ. ಆದರೆ ತರಬೇತಿಯಲ್ಲಿದ್ದ, ಗಡ್ಡ ಬಿಟ್ಟ ಗಂಡು ರೆಸಿಡೆಂಟುಗಳಿಗೂ ಅದೇ ಮರ್ಯಾದೆ ಸಿಗುತ್ತಿತ್ತು. ಮೀಟಿಂಗಿಗೆ ಎಲ್ಲರಿಗಿಂತ ಮೊದಲು ಬಂದು ಕೂತಿರುತ್ತಿದ್ದರು, ಎಲ್ಲರೂ ಹೋದ ಮೇಲೆ ಏಳುತ್ತಿದ್ದರು. ತಮ್ಮ ಕೋಣೆಯಿಂದ ಮೀಟಿಂಗಿಗೆ ಟೈಲ್ಸ್ ಹಾಕಿದ ನೇರ ಕಾರಿಡಾರು ಇರುವಾಗ, ಬಿಲ್ಲಿಂಗ್ ಆಫೀಸಿನೊಳಗಿಂದ ಸುತ್ತು ಹಾಕಿ ಬರುತ್ತಿದ್ದರು. ಬಿಲ್ಲಿಂಗಿನವರಿಗೆ ಇದರಿಂದ ಮಹಾ ಸಂತೋಷ. ದಿನಾ ಬಂದು ನಮಸ್ಕಾರ ಹೇಳಿ ಹೋಗುವ ಸರ್ಜನ್ ಇಡೀ ಆಸ್ಪತ್ರೆಯಲ್ಲಿ ಇವರೊಬ್ಬರೇ ಎಂದು ಅವರು ಕ್ರಿಸ್‌ಮಸ್ಸಿಗೆ ಕೇಕು ಕೊಟ್ಟರು.

ಬಿಲ್ಲಿಂಗ್ ಆಫೀಸಿನ ನೆಲಕ್ಕೆ ಕಾರ್ಪೆಟ್ ಇದೆ ಎಂಬುದು ನನಗೆ ತಡವಾಗಿ ಹೊಳೆಯಿತು. ಒಂದು ದಿನ ಕಾರ್ಪೆಟ್ ತೊಳೆಯುವವರು ಬಂದು ಆ ದಾರಿ ಮುಚ್ಚಿದ್ದರು. ನಾನು ಮುಂದೆ, ಅವರು ಹಿಂದೆ, ಟೈಲ್ಸ್ ಮೇಲೆ. ಹಿಂದಿನಿಂದ ಸಪ್ಪಳ ಕೇಳಿಸಿತು. ಬಲಗಾಲು ಸುಮ್ಮನೆ, ಎಡಗಾಲು ಚಪ್. ಮತ್ತೆ ಸುಮ್ಮನೆ, ಮತ್ತೆ ಚಪ್. ಪಾದದ ಮುಂಭಾಗವನ್ನು ಎತ್ತಲಾಗದೆ ಅದು ನೆಲಕ್ಕೆ ಬಡಿಯುವ ಸದ್ದು. ಒಂದು ವರ್ಷ ಅವರ ಜೊತೆ ಕೆಲಸ ಮಾಡಿದ ಯಾರಿಗಾದರೂ ಅದು ಏನೆಂದು ಗೊತ್ತಾಗುತ್ತದೆ. ಸೊಂಟದಲ್ಲಿ ನರ ಒತ್ತಿಕೊಂಡು, ಕಾಲಿನ ಬಲ ಹೋಗತೊಡಗಿದೆ.

ನಾನು ತಿರುಗಿದೆ. ಅವರು ನಿಂತುಬಿಟ್ಟರು.

"ಏನ್ ನೋಡ್ತಿ? ಬೂಟು ಸಡಲ ಆಗೇತಿ."

"ಒಂದೇ ಬೂಟಾ, ಸರ್?"

"ಒಂದs. ಇನ್ನೊಂದು ಬರೋಬ್ಬರಿ ಐತಿ. ನಡಿ ನಡಿ."

ಅದೇ ತಿಂಗಳ ಒಂದು ಶನಿವಾರ ಮಿಲ್ಪಿಟಾಸಿನ ಇಂಡಿಯನ್ ಗ್ರೋಸರಿಯಲ್ಲಿ ಅವರು ಸಿಕ್ಕರು. ಅವರ ಮನೆ ಇರುವುದು ಕ್ಯಾಂಪ್‌ಬೆಲ್‌ನಲ್ಲಿ; ಆದರೆ ಜೋಳದ ಹಿಟ್ಟು ಇಲ್ಲಿಯದೇ ಆಗಬೇಕು. ಅಕ್ಕಿ ಮೂಟೆಗಳ ಹತ್ತಿರ ಯಾರೋ ಅಪರಿಚಿತರನ್ನು ತಡೆದು ನಿಲ್ಲಿಸಿಕೊಂಡಿದ್ದರು. ಆ ಮನುಷ್ಯ ಕಾರ್ಟಿನ ಮೇಲೆ ಮೊಳಕೈ ಊರಿ, ಮುಂದಕ್ಕೆ ಬಾಗಿ ನಿಂತಿದ್ದ.

"ಕಾರ್ಟ್ ಇಲ್ದ ಎಷ್ಟು ದೂರ ನಡೀತೀರಿ?" ಎಂದು ಕೇಳುತ್ತಿದ್ದರು ಡಾಕ್ಟರು.

"ಇನ್ಶೂರೆನ್ಸ್ ಇದೆ ಸಾರ್ ನಮ್ಮತ್ರ," ಅಂದ ಆತ.

"ಅದಲ್ರೀ, ಬಾಗಿದರ ಕಾಲುನೋವು ಕಡಿಮಿ ಆಗ್ತೈತಿಲ್ಲೋ?"

"ಲೈಫೂ ಇದೆ, ಟರ್ಮೂ ಇದೆ. ಬೇಡ ಸಾರ್," ಎಂದು ಆತ ಕಾರ್ಟು ತಳ್ಳಿಕೊಂಡು ತೊಗರಿಬೇಳೆಯ ಸಾಲಿಗೆ ಓಡಿದ.

ಡಾಕ್ಟರು ನನ್ನ ಕಡೆ ತಿರುಗಿ ಪಾಠ ಶುರು ಮಾಡಿದರು. ಬೆನ್ನಿನ ನಾಳ ಕಿರಿದಾದವರು ಹೀಗೆಯೇ ಕಾರ್ಟಿನ ಮೇಲೆ ಬಾಗುತ್ತಾರಂತೆ. ಬಾಗಿದಾಗ ನರಕ್ಕೆ ಜಾಗ ಸಿಗುತ್ತದಂತೆ. ಗ್ರೋಸರಿಯಲ್ಲಿ ಒಂದು ಗಂಟೆ ನಿಂತರೆ ಎಕ್ಸ್‌ರೇ ಇಲ್ಲದೆ ಹತ್ತು ಜನರನ್ನು ಹಿಡಿಯಬಹುದಂತೆ. ಇದೆಲ್ಲವನ್ನೂ ಅವರು ಹೇಳುತ್ತಿದ್ದದ್ದು ಒಂದು ಕಾರ್ಟಿನ ಮೇಲೆ ಎರಡೂ ಮೊಳಕೈ ಊರಿಕೊಂಡು. ಕಾರ್ಟಿನೊಳಗೆ ಒಂದು ಕೊತ್ತಂಬರಿ ಕಟ್ಟು ಇತ್ತು.

ಅವರ ಹೆಂಡತಿ ಹಿಟ್ಟಿನ ಚೀಲ ಹೊತ್ತುಕೊಂಡು ಬಂದರು. ಶಾಲೆಯಲ್ಲಿ ಗಣಿತ ಕಲಿಸುವ ಅವರದ್ದು ಸುತ್ತುಬಳಸಿನ ಮಾತಲ್ಲ.

"ಕೊತ್ತಂಬ್ರಿ ಹೊರಾಕ ಗಾಡಿ ಬೇಕೇನ್ರೀ ನಿಮಗ?"

"ಇನ್ನೂ ಸಾಮಾನು ತಗೊಳ್ಳೂದೈತಿ."

"ಏನು? ಕರಿಬೇವೇನು?"

ಡಾಕ್ಟರು ಕಾರ್ಟು ತಳ್ಳಿಕೊಂಡು ಮೊಸರಿನ ಕಡೆ ಹೋದರು. ಆಕೆ ನನ್ನ ಮೊಳಕೈ ಹಿಡಿದು ಪಕ್ಕಕ್ಕೆ ಎಳೆದುಕೊಂಡರು.

"ನೀನರ ಹೇಳವಾ ತಂಗಿ. ರೆಬೆಕಾ ಹೇಳಿ ಸಾಕಾದಳು, ನಾ ಹೇಳಿ ಸಾಕಾದೆ. ಮಂದಿ ಬೆನ್ನು ಕೊಯ್ಯಾಕ ಬಾ ಅಂದ್ರ ಓಡ್ತಾರ, ತಮ್ಮ ಬೆನ್ನು ತೋರಸು ಅಂದ್ರ ಬೂಟು ಸಡಲ ಅಂತಾರ."

"ಯಾಕೆ ಆಂಟಿ, ಹೆದರಿಕೆನಾ?"

"ಕತ್ತರೀದಲ್ಲವಾ ಹೆದರಿಕಿ. ಒಮ್ಮೆ ಮಲಗಿದರ ಮತ್ತ ಥಿಯೇಟರ್‌ನಾಗ ತಾಸುಗಟ್ಟಲೆ ನಿಲ್ಲಾಕ ಬಿಡೂದಿಲ್ಲ ಅಂತ. ಆಪರೇಷನ್ ಇಲ್ದ ನಾ ಏನು ಅಂತ ಕೇಳ್ತಾರ. ಹಿಂಗ ಬಿಟ್ರ ಪಾದನ ಹೋಗ್ತೈತಿ ಅಂತ ರೆಬೆಕಾ ಅಂತಾಳ. ಪಾದ ಹೋದ ಮ್ಯಾಲೆ ಇನ್ಯಾವ ಥಿಯೇಟರ್?"

ಮೊಸರಿನ ಸಾಲಿನಿಂದ ಡಾಕ್ಟರು ಬರುತ್ತಿರುವುದು ಕಂಡಿತು. ಕಾರ್ಟಿನಲ್ಲಿ ಈಗ ಕೊತ್ತಂಬರಿಯ ಪಕ್ಕ ಕರಿಬೇವು ಕೂತಿತ್ತು.

ಉಡಿದಾರದ ಕಥೆಯನ್ನು ಇಲ್ಲಿಯೇ ಹೇಳಬೇಕು. ಡಾಕ್ಟರ ಸೊಂಟದಲ್ಲಿ ಬೆಳ್ಳಿಯ ಉಡಿದಾರ ಇತ್ತು. ಮೆಡಿಕಲ್ ಸೀಟು ಸಿಕ್ಕಾಗ ಅವ್ವ ಮಾಡಿಸಿ ಹಾಕಿದ್ದಂತೆ. ದೇವರು ದಿಂಡರೆಂದು ಹೆಚ್ಚು ಹಚ್ಚಿಕೊಂಡವರಲ್ಲ ಅವರು, ಆದರೆ ಅದನ್ನು ಬಿಚ್ಚುತ್ತಿರಲಿಲ್ಲ. "ಇದs ನನ್ನ ಮೊದಲನೇ ಅಳಿಯ," ಎನ್ನುತ್ತಿದ್ದರು. "ಬಿಗಿ ಆತಂದ್ರ ಊಟ ಕಡಿಮಿ ಮಾಡು ಅಂತ ಹೇಳ್ತೈತಿ. ಇದಕ್ಕ ಕರೆಂಟೂ ಬ್ಯಾಡ, ಗ್ರಾಂಟೂ ಬ್ಯಾಡ."

ವಿಮಾನ ನಿಲ್ದಾಣದಲ್ಲಿ ಅದು ಪ್ರತಿ ಸಲವೂ ಕೂಗುತ್ತಿತ್ತು. ಒಮ್ಮೆ ನಾವೆಲ್ಲ ಒಂದು ಸಮ್ಮೇಳನಕ್ಕೆ ಹೊರಟಾಗ ತಪಾಸಣೆಯ ಅಧಿಕಾರಿ ಬೆಲ್ಟ್ ತೆಗೆಯಿರಿ ಅಂದ, ತೆಗೆದರು. ಮತ್ತೆ ಕೂಗಿತು. ಅಂಗಿ ಎತ್ತಿ ತೋರಿಸಿದರು. ಇದು ಯಾಕೆ ಎಂದು ಆತ ಕೇಳಿದ. ಕೇಳಬಾರದಿತ್ತು. ಸೊಂಟದ ಎಲುಬಿನ ಅಂಚು ಎಲ್ಲಿ ಬರುತ್ತದೆ, ಬೆನ್ನುಮೂಳೆಯ ಸೊಂಟಭಾಗದ ನಾಲ್ಕನೆಯ ಮಣಿ ಅದೇ ಮಟ್ಟದಲ್ಲಿ ಹೇಗೆ ಇರುತ್ತದೆ, ಉಡಿದಾರ ಹೇಗೆ ಅದರ ಮೇಲೆಯೇ ನಿಲ್ಲುತ್ತದೆ ಎಂದು ಡಾಕ್ಟರು ಆತನ ಸೊಂಟದ ಮೇಲೇ ಬೆರಳಿಟ್ಟು ವಿವರಿಸಿದರು. ಹಿಂದಿನ ಸಾಲು ಬೆಳೆಯಿತು. ಕೊನೆಗೆ ಆತ, ತನಗೂ ಬೆಳಗ್ಗೆ ಏಳುವಾಗ ಅಲ್ಲೇ ಹಿಡಿದುಕೊಳ್ಳುತ್ತದೆ, ಏನು ಮಾಡಲಿ ಎಂದು ಕೇಳಿದ. ಆ ಗಡಿಬಿಡಿಯಲ್ಲಿ ಉಡಿದಾರದ ಕೊಂಡಿ ಕಿತ್ತುಬಂತು. ವಿಮಾನದಲ್ಲಿ ಕೂತು, ಕಾರಿನ ಕೀಲಿಗೊಂಚಲಿನ ಉಕ್ಕಿನ ಉಂಗುರ ಬಿಚ್ಚಿ, ಎರಡು ತುದಿಗಳನ್ನೂ ಅದಕ್ಕೆ ಸಿಕ್ಕಿಸಿ ಹಾಕಿಕೊಂಡರು. ಊರಿಗೆ ಬಂದ ಮೇಲೂ ಸರಿಮಾಡಿಸಲಿಲ್ಲ. ಕಾರಿನ ಕೀಲಿಯೇ ರಬ್ಬರ್ ಬ್ಯಾಂಡಿಗೆ ಒಗ್ಗಿಕೊಂಡಿತು.

ಕೊನೆಗೂ ಹೆಂಡತಿಯ ಹಟಕ್ಕೆ ಒಂದು ದಿನ ಎಕ್ಸ್‌ರೇ ತೆಗೆಸಿಕೊಂಡರು. ಅದೂ ರೆಬೆಕಾ ಹೇಳಿ ನನಗೆ ತಿಳಿದದ್ದು, ಎಲ್ಲ ಮುಗಿದ ಮೇಲೆ. ತೊಂದರೆಗಳ ವಿವರವನ್ನು ಆಕೆಯೇ ಕೇಳಿ ಬರೆದುಕೊಂಡಳಂತೆ. ಅದರ ಜೊತೆಗೆ ನಮ್ಮ ಸಂಶೋಧನೆಯ ಒಪ್ಪಿಗೆ ಪತ್ರವೂ ಮುಂದೆ ಬಂತು. ತಮ್ಮ ರೋಗಿಗಳಿಗೆಲ್ಲ ಸಹಿ ಹಾಕಿ ಎಂದು ದುಂಬಾಲು ಬೀಳುವವರು ತಾವೇ ಹಾಕದಿದ್ದರೆ ಹೇಗೆ ಎಂದು ಹಾಕಿದರಂತೆ. ಆದರೆ ಉಡಿದಾರ ಬಿಚ್ಚಲಿಲ್ಲ, ಫಿಲ್ಮನ್ನೂ ನೋಡಲಿಲ್ಲ. "ಇಟ್ಟಿರು, ಪುರಸೊತ್ತಾದಾಗ ನೋಡ್ತೀನಿ," ಎಂದು ಹೋದವರು, ಆ ಪುರಸೊತ್ತನ್ನು ಚಳಿಗಾಲ ಕಳೆದು ಬೇಸಗೆ ಬಂದರೂ ಹತ್ತಿರ ಸೇರಿಸಲಿಲ್ಲ.

ಆ ಬೇಸಗೆಯ ಒಂದು ಗುರುವಾರ ಜಗಳದ ಫಿಲ್ಮುಗಳು ಕಡಿಮೆ ಇದ್ದವು. ಕೊನೆಯದು ನಲವತ್ತೇಳನೆಯ ನಂಬರು. ಪಕ್ಕದಿಂದ ತೆಗೆದ ಚಿತ್ರ. ಐದನೆಯ ಮಣಿಯ ಮೇಲೆ ನಾಲ್ಕನೆಯದು ಮುಂದಕ್ಕೆ ಜಾರಿತ್ತು, ಅದು ನನಗೂ ಕಾಣುತ್ತಿತ್ತು. ಅದೇ ಮಟ್ಟದಲ್ಲಿ ಅಡ್ಡಕ್ಕೆ ಬಿಳಿಯ ಮಣಿಮಣಿಯ ಒಂದು ಗೆರೆ. ಅಳಿಯ ಆ ಗೆರೆಯ ಸುತ್ತ ಹಳದಿ ಚೌಕ ಬರೆದು ತೀರ್ಪು ಕೊಟ್ಟಿದ್ದ. ಈ ರೋಗಿಗೆ ಹಿಂದೆಯೇ ಸ್ಕ್ರೂ ಕೂರಿಸಿ ಶಸ್ತ್ರಕ್ರಿಯೆ ಆಗಿದೆ, ಎರಡನೆಯ ಸಲ ಮಾಡಿದರೆ ಉಪಯೋಗಕ್ಕಿಂತ ಅಪಾಯ ಹೆಚ್ಚು, ಬೇಡ.

ಡಾಕ್ಟರು ಕುರ್ಚಿಯಲ್ಲೇ ಕುಣಿದರು.

"ಸ್ಕ್ರೂ!" ಎಂದು ಇಂಗ್ಲಿಷಿನಲ್ಲಿ ಕೂಗಿದರು. "ಅಳಿಯನಿಗೆ ಇದು ಸ್ಕ್ರೂ! ಇದು ಉಡಿದಾರ!" ನನ್ನ ಕಡೆ ತಿರುಗಿ, "ನೋಡಬೇ ತಂಗಿ, ಯಾವನೋ ನಮ್ಮ ಕಡಿಯಾಂವ ಸಿಕ್ಕಾನ!" ಅಂದರು.

ಆಮೇಲೆ ಕಾಲು ಗಂಟೆ ಕೋಣೆಯಲ್ಲಿದ್ದ ಎಲ್ಲರಿಗೂ ಉಡಿದಾರದ ಪಾಠ. ರೆಸಿಡೆಂಟುಗಳು ಬರೆದುಕೊಂಡರು. ರೆಬೆಕಾ ಮಾತ್ರ ಕಾಫಿಯ ಲೋಟವನ್ನೇ ನೋಡುತ್ತಿದ್ದಳು. ನಲವತ್ತೇಳರಿಂದ ಆಕೆ ಹಿಂದೆ ಸರಿದಿದ್ದಳು.

"ಈಗ ರೋಗಿಯ ಮಾತಿಗೆ ಬರೋಣ," ಎಂದು ಡಾಕ್ಟರು ತಮ್ಮ ಅಭಿಪ್ರಾಯವನ್ನು ನನ್ನಿಂದ ಗಟ್ಟಿಯಾಗಿ ಓದಿಸಿದರು. ನಾನು ಓದಿದೆ. 'ನಡೆದರೆ ಕಾಲುನೋವು, ಬಾಗಿದರೆ ಆರಾಮ, ಎಡಪಾದ ಸೋಲುತ್ತಿದೆ. ಒಂದು ವಾರವೂ ತಡಮಾಡಬಾರದು. ಪಾದದ ಬಲ ಒಮ್ಮೆ ಹೋದರೆ ಮರಳುವ ಭರವಸೆ ಇಲ್ಲ. ರೋಗಿ ನೆಪ ಹೇಳುತ್ತಾನೆ, ಕೇಳಬೇಡಿ.'

"ಹಿಂದೆ ಸರಿದಿದ್ದೀಯ ಅಂದರೆ ನಿನ್ನ ರೋಗಿಯೇ ಇರಬೇಕು," ಎಂದು ರೆಬೆಕಾಳನ್ನು ತರಾಟೆಗೆ ತೆಗೆದುಕೊಂಡರು. "ಇಂಥವನನ್ನು ಇಷ್ಟು ದಿನ ಯಾಕೆ ಬಿಟ್ಟಿದ್ದೀಯ?"

"ಎಷ್ಟೋ ತಿಂಗಳಿಂದ ಕೇಳಿಕೊಳ್ಳುತ್ತಿದ್ದೇನೆ," ಅಂದಳು ಆಕೆ.

"ಕೇಳಿಕೊಳ್ಳುವುದಲ್ಲ, ಹೇಳಬೇಕು! ಹಿಡಿದು ಮಲಗಿಸಬೇಕು! ಎಂಥ ಮೂರ್ಖ ಇರಬೇಕು ಆತ?"

"ಮೂರ್ಖ ಅಲ್ಲ. ತುಂಬ ಜಾಣ. ಅದೇ ತೊಂದರೆ," ಅಂದಳು ರೆಬೆಕಾ.

ಡಾಕ್ಟರಿಗೆ ಇನ್ನೂ ಉಡಿದಾರದ ಹುಮ್ಮಸ್ಸು ಇಳಿದಿರಲಿಲ್ಲ. ಅಕ್ಕಸಾಲಿಗರು ಕೊಂಡಿಯನ್ನು ಹೇಗೆ ಕೂಡಿಸುತ್ತಾರೆಂದು ರೆಸಿಡೆಂಟುಗಳಿಗೆ ತೋರಿಸಬೇಕೆಂದು, ಗೆರೆಯ ಮುಂತುದಿಯನ್ನು ದೊಡ್ಡದು ಮಾಡಲು ನನಗೆ ಹೇಳಿದರು. ಮಾಡಿದೆ. ಗೋಡೆಯ ಮೇಲೆ ಕೊಂಡಿ ಇರಬೇಕಾದ ಜಾಗದಲ್ಲಿ ದುಂಡಗಿನ ಒಂದು ಉಂಗುರ ಬಂದು ನಿಂತಿತು. ಎರಡು ಸುತ್ತಿನ, ಕೀಲಿ ಪೋಣಿಸುವಂಥ ಉಂಗುರ.

ಡಾಕ್ಟರ ಬೆರಳು ಗಾಳಿಯಲ್ಲಿ ನಿಂತಿತು. ಇನ್ನೊಂದು ಕೈ ತಾನಾಗಿಯೇ ಅಂಗಿಯ ಮೇಲಿಂದ ಸೊಂಟಕ್ಕೆ ಹೋಯಿತು.

ರೆಸಿಡೆಂಟುಗಳಿಗೆ ಏನಾಯಿತೆಂದು ತಿಳಿಯಲಿಲ್ಲ, ನನಗೆ ತಿಳಿಯಿತು. ಅವರು ನನ್ನ ಕಡೆ ಬಾಗಿ, ಬೇರೆ ಯಾರಿಗೂ ತಿಳಿಯದ ಕನ್ನಡದಲ್ಲಿ ಮೆಲ್ಲಗೆ ಕೇಳಿದರು.

"ತಂಗಿ, ನಲವತ್ತೇಳರದು ಸ್ವಲ್ಪ ತಿದ್ದಾಕ ಬರ್ತೈತೇನು?"

"ಬರೆದದ್ದು ಬರೆದದ್ದು ಅಂತ ನೀವೇ ಹೇಳಿದ್ರಲ್ಲ ಸರ್. ಕಾಲಿಗೆ ಬಿದ್ರೂ ಕೊಡಬೇಡ ಅಂತ."

"ಹೂಂ. ಕಾಲಿಗೆ ಬಿದ್ದರ ಮತ್ತ ಏಳಬೇಕಲ್ಲ, ಅದೂ ಆಗೂದಿಲ್ಲ ನನಗ."

ಎದ್ದರು. ಎಲ್ಲರಿಗಿಂತ ಮೊದಲು ಎದ್ದದ್ದು ಅದೇ ಮೊದಲ ಸಲ. ಬಿಲ್ಲಿಂಗ್ ಆಫೀಸಿನ ಕಡೆ ತಿರುಗಲಿಲ್ಲ. ಟೈಲ್ಸ್ ಹಾಕಿದ ನೇರ ಕಾರಿಡಾರಿನಲ್ಲಿ ತಮ್ಮ ಕೋಣೆಗೆ ಹೋದರು. ಮೀಟಿಂಗಿನ ಕೋಣೆಯ ಬಾಗಿಲು ತೆರೆದೇ ಇತ್ತು. ಚಪ್, ಚಪ್ ಎನ್ನುವ ಸದ್ದನ್ನು ನಾವೆಲ್ಲ ಕೂತು ಕೇಳಿದೆವು. ಅದು ನಿಂತ ಮೇಲೆ ರೆಬೆಕಾ ಫೋನ್ ತೆಗೆದು ಥಿಯೇಟರಿನಲ್ಲಿ ಯಾವ ದಿನ ಜಾಗ ಇದೆ ಎಂದು ವಿಚಾರಿಸಿದಳು.

ಮುಂದಿನ ವಾರವೇ ಶಸ್ತ್ರಕ್ರಿಯೆ. ಬೆಳಗ್ಗೆ ಒಳಗೆ ಒಯ್ಯುವ ಮೊದಲು ಉಡಿದಾರ ಬಿಚ್ಚಲೇಬೇಕಾಯಿತು. ಅವರ ಹೆಂಡತಿ ಅದನ್ನು ಮುಂಗೈಗೆ ಬಳೆಯ ಹಾಗೆ ಸುತ್ತು ಸುತ್ತು ಹಾಕಿಕೊಂಡರು.

"ಮದುವ್ಯಾಗ ಇಷ್ಟು ಬೆಳ್ಳಿ ಹಾಕಿರಲಿಲ್ಲ ನೋಡವಾ ಇವರು," ಎಂದರು ನನಗೆ.

"ವಾಪಸ್ ಕೊಡಬೇಕು ಮತ್ತ," ಎಂದು ಗಾಲಿಮಂಚದ ಮೇಲಿಂದ ದನಿ ಬಂತು. "ರೆಬೆಕಾ, ನೆನಪಿಟ್ಟುಕೋ, ನಾಲ್ಕು ಮತ್ತು ಐದರ ನಡುವೆ. ಎಡಗಡೆ ನರ ಸ್ವಲ್ಪ ಹಿಂದೆ ಇರುತ್ತದೆ, ಮೆಲ್ಲಗೆ..."

"ಅರಿವಳಿಕೆ ಬೇಗ ಕೊಡಿ," ಅಂದಳು ರೆಬೆಕಾ.

ಶಸ್ತ್ರಕ್ರಿಯೆ ಚೆನ್ನಾಗಿ ಆಯಿತು. ಕಾಲುನೋವು ಹೋಯಿತು. ಪಾದದ ಬಲ ಬಹಳ ಮಟ್ಟಿಗೆ ಮರಳಿತು, ಪೂರ್ತಿ ಅಲ್ಲ. ತಡ ಆಗಿತ್ತು, ಅದನ್ನು ಅವರೇ ಬರೆದಿದ್ದರಲ್ಲ. ಮೂರು ತಿಂಗಳ ಮೇಲೆ ಥಿಯೇಟರಿಗೆ ಹೋಗಿ ನಿಂತು ನೋಡಿದರು. ಅರ್ಧ ತಾಸಿನಲ್ಲಿ ಹೊರಗೆ ಬಂದು ಕೈಗವಸು ಬಿಚ್ಚಿ ಡಬ್ಬಿಗೆ ಹಾಕಿದರು. ಒಂದು ವಾರ ಯಾರೊಡನೆಯೂ ಮಾತಿಲ್ಲ. ನನ್ನ ಕೂರುವ ಭಂಗಿಯ ಬಗ್ಗೆಯೂ ಇಲ್ಲ. ಡೈರಿಯ ಆ ವಾರದ ಮೂಲೆ ಖಾಲಿ ಇದೆ. ಮುಂದಿನ ಸೋಮವಾರ ಬಂದವರೇ, "ಏನ್ ಬೇ, ಪ್ರಶ್ನಾರ್ಥಕ ಚಿಹ್ನಿ ಕೂತಂಗ ಕೂತೀದಿ," ಅಂದರು. ಅಷ್ಟು ಖುಷಿಯಿಂದ ನಾನು ಎಂದೂ ನೆಟ್ಟಗೆ ಕೂತಿರಲಿಲ್ಲ.

ಆಮೇಲೆ ಎರಡು ವರ್ಷ, ಥಿಯೇಟರಿನ ಕಡೆ ಹೋಗದೆ, ರೋಗಿಗಳನ್ನು ನಡೆಸಿ ನೋಡಿದರು, ರೆಸಿಡೆಂಟುಗಳಿಗೆ ಕಲಿಸಿದರು, ಅಳಿಯನೊಡನೆ ಜಗಳ ಆಡಿದರು. ಉಡಿದಾರ ಎಂದರೆ ಏನೆಂದು ಅಳಿಯನಿಗೆ ಕಲಿಸುವುದು ನನ್ನ ಪಾಲಿಗೆ ಬಂದ ಕೆಲಸ. ಫಿಲ್ಮಿನಲ್ಲಿ ಕಾಣುವ ಲೋಹದ ವಸ್ತುಗಳ ಪಟ್ಟಿಯಲ್ಲಿ ಸ್ಕ್ರೂ, ಸಲಾಕೆ, ಝಿಪ್, ಗುಂಡಿ ಇವುಗಳ ಕೆಳಗೆ ಉಡಿದಾರವೂ ಸೇರಿತು. ಕಲಿಸಲು ನಮ್ಮ ಹತ್ತಿರ ಇದ್ದದ್ದು ಒಂದೇ ಉಡಿದಾರ. ಹಾಗಾಗಿ ಅಳಿಯ ಅದನ್ನು ಅತಿಯಾಗಿ ಕಲಿತ. ಮುಂದೆ ಬಹಳ ದಿನ ಯಾರ ಸೊಂಟದಲ್ಲಿ ಏನು ಬೆಳ್ಳಗೆ ಕಂಡರೂ ಉಡಿದಾರ ಎಂದ. ಆರಡಿ ಎತ್ತರದ ಒಬ್ಬ ಅಗ್ನಿಶಾಮಕ ದಳದವನ ಪ್ಯಾಂಟಿನ ಝಿಪ್ಪೂ ಉಡಿದಾರವಾಯಿತು.

"ಈಗ ಖರೇ ಅಳಿಯ ಆದ ನೋಡು," ಅಂದರು ಡಾಕ್ಟರು. "ಎಲ್ಲಿ ನೋಡಿದರೂ ಮಾವನs ಕಾಣ್ತಾನ."

ಶುಕ್ರವಾರ ಬೀಳ್ಕೊಡುಗೆ ಮುಗಿದು ಎಲ್ಲರೂ ಹೋದ ಮೇಲೆ ಅವರ ಪೆಟ್ಟಿಗೆಗಳನ್ನು ಕಾರಿಗೆ ಹಾಕಿಸಿದೆ. ಹೆಂಡತಿ ಕಾರಿನಲ್ಲಿ ಕಾಯುತ್ತಿದ್ದರು. ಕೊನೆಗೆ ನಾವಿಬ್ಬರೇ ಕೋಣೆಯ ಬಾಗಿಲಲ್ಲಿ ನಿಂತೆವು. ಮುಂದೆ ಟೈಲ್ಸ್ ಹಾಕಿದ ಕಾರಿಡಾರು, ಅದರ ತುದಿಗೆ ಗಾಜಿನ ಬಾಗಿಲು. ಅಭ್ಯಾಸ ಬಲದಿಂದ ನಾನು ಮುಂದೆ ಹೆಜ್ಜೆ ಇಟ್ಟೆ.

"ನಿಲ್ಲು," ಅಂದರು. "ಇವತ್ತ ನಾ ಮುಂದ ನಡೀತೀನಿ. ನೀ ಇಲ್ಲೇ ನಿಂತು ನೋಡು."

ನಡೆದರು. ನೆಟ್ಟಗೆ, ಅವಸರವಿಲ್ಲದೆ, ಕೈ ಬೀಸಿಕೊಂಡು. ನಾನು ನಿಂತು ಅವರು ಕಲಿಸಿದ ಹಾಗೆಯೇ ನೋಡಿದೆ: ಮೊದಲು ಹೆಗಲು, ಆಮೇಲೆ ಸೊಂಟ, ಕೊನೆಗೆ ಪಾದ. ಗಾಜಿನ ಬಾಗಿಲಿನ ಹತ್ತಿರ ನಿಂತು, ಹಿಂದಕ್ಕೆ ತಿರುಗದೆ ಕೇಳಿದರು.

"ಸಪ್ಪಳ ಬಂತೇನು?"

ಅವರಿಗೆ ಸುಳ್ಳು ಹೇಳುವಂತಿರಲಿಲ್ಲ. "ಬಂತು ಸರ್. ಸ್ವಲ್ಪ."

"ಎಷ್ಟು ಸಲ? ನೀ ಲೆಕ್ಕ ಇಡಾಕಿ ಅಲ್ಲ, ಹೇಳು."

"ಎಣಿಸಲಿಲ್ಲ ಸರ್."

ಈಗ ತಿರುಗಿ ನೋಡಿದರು. ಬಾಗಿಲ ತನಕ ನಡೆದು ಬಂದ ರೋಗಿಯನ್ನು ನೋಡುವ ಹಾಗೆ, ಅಡಿಯಿಂದ ಮುಡಿಯ ತನಕ ನನ್ನನ್ನು ನೋಡಿದರು.

"ಚೀಲ ಮತ್ತ ಬಲಗಡೆ ಹಾಕ್ಕೊಂಡೀದಿ," ಎಂದು ಹೇಳಿ, ಬಾಗಿಲು ನೂಕಿಕೊಂಡು ಹೋದರು.

ನಾನು ನಿಜಕ್ಕೂ ಎಣಿಸಿರಲಿಲ್ಲ. ಚೀಲವನ್ನು ಎಡ ಹೆಗಲಿಗೆ ಹಾಕಿಕೊಂಡು, ದೀಪ ಆರಿಸಿದೆ.